ಒರೆಗಲ್ಲು ಒಪ್ಪದ ದೋಷ

ಕೆಂಪುಹಳ್ಳದ ಹೆರಿಗೆ ಆಸ್ಪತ್ರೆಯಲ್ಲಿ ಎರಡು ಹಸುಗೂಸುಗಳು ಕಾವಿನ ಪೆಟ್ಟಿಗೆಯೊಳಗೆ ಬಿಸಿ ಹೆಚ್ಚಾಗಿ ಸತ್ತವು. ಪೆಟ್ಟಿಗೆಯ ತಂತ್ರಾಂಶದಲ್ಲಿ ದೋಷವಿದೆ ಎಂಬ ವರದಿಯನ್ನು ಒರೆಗಲ್ಲು ಎಂಬ ತಪಾಸಣಾ ಯಂತ್ರ ಒಪ್ಪಲಿಲ್ಲ.

ವರದಿ ಬರೆದವಳು ಕಸ್ತೂರಿ ದೊಡ್ಡಮನಿ. ಆಸ್ಪತ್ರೆಯ ಯಂತ್ರಗಳ ತಂತ್ರಾಂಶದಲ್ಲಿ ಹೊರಗಿನವರು ನುಸುಳಬಹುದಾದ ಕಳ್ಳಗಂಡಿ ಹುಡುಕುವುದು ಅವಳ ಕೆಲಸ. ಇಂಥ ವರದಿಗಳನ್ನು ಮನುಷ್ಯರು ಓದುವುದು ನಿಂತು ಆಗಲೇ ಬಹಳ ವರ್ಷಗಳಾಗಿದ್ದವು. ಹುಸಿ ವರದಿಗಳ ಕಸದಲ್ಲಿ ನಿಜವಾದವು ಮುಳುಗಿಹೋಗುತ್ತಿದ್ದ ಕಾಲದಲ್ಲಿ ಹುಟ್ಟಿದ್ದು ಒರೆಗಲ್ಲು. ದೂರು ಬಂದ ಯಂತ್ರದ ಪಡಿಯಚ್ಚನ್ನು ಅದು ತನ್ನೊಳಗೇ ಕಟ್ಟಿ, ದೂರಿನಲ್ಲಿ ಹೇಳಿದಂತೆ ನಡೆಸಿ ನೋಡುತ್ತಿತ್ತು. ದೋಷ ಕಂಡರೆ ದೇಶದ ಅಷ್ಟೂ ಯಂತ್ರಗಳಿಗೆ ತೇಪೆ ಹಾಕುತ್ತಿತ್ತು. ಕಾಣದಿದ್ದರೆ, ಬರೆದವರೇ ವರದಿಯನ್ನು ಹಿಂಪಡೆಯಬೇಕು. ಹಿಂಪಡೆದ ಕೂಡಲೇ, ಆ ವರದಿ ನಂಬಿ ಯಾರಾದರೂ ಹಾಕಿಕೊಂಡಿದ್ದ ಕಾವಲನ್ನೂ ಅದು ಕಿತ್ತುಹಾಕುತ್ತಿತ್ತು.

ಕಸ್ತೂರಿ ಕಂಡದ್ದು ಇಷ್ಟು: ಕರೆಂಟು ಹೋಗಿ ಬಂದಾಗ ಪೆಟ್ಟಿಗೆ ಸ್ವಲ್ಪ ಹೊತ್ತು ತನ್ನ ಕೀಲಿಯನ್ನೇ ಮರೆಯುತ್ತದೆ. ಆಗ ಯಾರು ಆಜ್ಞೆ ಕೊಟ್ಟರೂ, ನೀನ್ಯಾರು ಎಂದು ಕೇಳದೆ ಪಾಲಿಸುತ್ತದೆ. ಪಕ್ಕದ ಪೆಟ್ಟಿಗೆಗೆ ಹೋಗಬೇಕಿದ್ದ ‘ಕಾವು ಏರಿಸು’ ಎಂಬ ಆಜ್ಞೆಯನ್ನು ಸತ್ತ ಕೂಸುಗಳ ಪೆಟ್ಟಿಗೆಗಳು ಪಾಲಿಸಿದ್ದವು. ಉಳಿದ ಪೆಟ್ಟಿಗೆಗಳಿಗೆ ಅವಳು ಕಾವಲು ಹಾಕಿದಳು: ಕರೆಂಟು ಬಂದ ಮೇಲೆ ನರ್ಸಮ್ಮ ಕೈಯಾರೆ ಮುಟ್ಟುವ ತನಕ ಯಾವ ಆಜ್ಞೆಯೂ ನಡೆಯದು.

ಒರೆಗಲ್ಲನ್ನು ಕಂಡುಹಿಡಿದ ಡಾ. ಶ್ರೀವತ್ಸ ಗಲಗಲಿ ಕಸ್ತೂರಿಯನ್ನು ಕಾಣಲು ತಾನೇ ವಾರ್ಡಿಗೆ ಬಂದ. ರೈಲು, ಅಣೆಕಟ್ಟುಗಳನ್ನೂ ಸರಕಾರ ಒರೆಗಲ್ಲಿಗೆ ಒಪ್ಪಿಸುವುದರಲ್ಲಿತ್ತು. ಹಿಂಪಡೆಯದೆ ಉಳಿದ ಈ ಒಂದು ವರದಿ ಗಂಟಲಿಗೆ ಸಿಕ್ಕ ಮುಳ್ಳಾಗಿತ್ತು.

“ಎಷ್ಟು ಸಲ ನಡಿಸಿದ್ರೂ ದೋಷ ಬರಲಿಲ್ಲ, ತಂಗಿ.”

“ನಿಮ್ಮ ಪಡಿಯಚ್ಚಿನ್ಯಾಗ ಕರೆಂಟು ಹೋಗ್ತೈತೇನ್ರಿ, ಸರ್?”

“ಯಾಕ ಹೋಗ್ತದ? ಆಸ್ಪತ್ರಿಗೆ ಕರೆಂಟು ಹೋಗಬಾರದು ಅಂತ ಕಾನೂನೇ ಅದ. ಕಾನೂನಿನ ಪ್ರಕಾರ ಕಟ್ಟೇವಿ.”

ನರ್ಸ್ ಬೀಬಿಜಾನ್ ನಕ್ಕೇಬಿಟ್ಟಳು. “ನಮ್ಮೂರ ಕರೆಂಟು ಸಿಟ್ಟಾದ ಅಳಿಯ ಇದ್ದಂಗ್ರಿ ಸಾಹೇಬ್ರ! ಬಾಗಿಲ ತನಕ ಬರ್ತೈತಿ, ತಿರುಗಿ ಹೋಗ್ತೈತಿ.”

ಹಾಗೆಂದು ಬಾಯಿ ಮುಚ್ಚುವುದರೊಳಗೆ ದೀಪ ಆರಿತು. ಮತ್ತೆ ಬಂತು. ಬೀಬಿಜಾನ್ ಓಡಿ ಒಂದೊಂದೇ ಪೆಟ್ಟಿಗೆಯ ಪರದೆ ನೋಡಿ ಮುಟ್ಟುತ್ತ ಬಂದಳು; ಕೊನೆಯದನ್ನು ಮುಟ್ಟದೆ ಕೈ ಹಿಂತೆಗೆದಳು. ಕೊನೆಯದರ ಪರದೆಯ ಮೇಲೆ, ಎಲ್ಲಿಂದಲೋ ಬಂದ ಆಜ್ಞೆಯೊಂದು ಕಾವಲಿಗೆ ಸಿಕ್ಕಿ ಕಾಯುತ್ತಿತ್ತು: ಕಾವು ಏರಿಸು. ಒಳಗೆ ಅಂಗೈಯಷ್ಟಗಲದ ಕೂಸು ಕಾಲು ಒದೆಯುತ್ತಿತ್ತು.

ಗಲಗಲಿ ಅದನ್ನು ನೋಡಿದ. ಮುಖ ಬಿಳಿಚಿತು.

“ಈಗ ಕಂಡ್ರಲ್ಲ, ಸರ್?”

“ಕಂಡೆ. ಆದ್ರ ಕಣ್ಣಿನ ಸಾಕ್ಷಿ ಒರೆಗಲ್ಲು ತಗೊಳ್ಳೂದಿಲ್ಲ.” ಅವನ ದನಿ ಇಳಿಯಿತು. “ಇದೊಂದಕ್ಕ ಬಾಗಿಲು ತೆರೆದ್ರ ಹಿಂಪಡೆದ ಲಕ್ಷಾಂತರ ವರದಿ ಮತ್ತ ಎದ್ದು ಬರ್ತಾವ. ಅವುಗಳೊಳಗ ಎಷ್ಟು ನಿಜ ಇದ್ವೋ ಯಾರಿಗೆ ಗೊತ್ತು? ಹಿಂಪಡೆಯೋ ಗುಂಡಿ ಒತ್ತಿಬಿಡು, ತಂಗಿ.”

ಕಸ್ತೂರಿಗೆ ಒಮ್ಮೆಲೇ ಹೊಳೆಯಿತು. ಕರೆಂಟು ಹೋಗಬಾರದೆಂಬ ಕಾನೂನನ್ನು ನೋಡಿ ಕಟ್ಟಿದ ಲೋಕದಲ್ಲಿ ತನ್ನೂರಿನ ಸಾವು ನಡೆದೇ ಇಲ್ಲ. ನಡೆದಿಲ್ಲವೆಂದು ತನ್ನ ಬೆರಳಿನಿಂದಲೇ ಹೇಳಿಸುತ್ತಿದ್ದಾರೆ.

“ಸುಳ್ಳು ಅನ್ನಿಸಿದ್ರ ನೀವೇ ತಿರಸ್ಕರಿಸ್ರಿ. ಕೆಳಗ ನಿಮ್ಮ ಹೆಸರು ಹಾಕ್ರಿ.”

“ತಿರಸ್ಕರಿಸೋ ಗುಂಡಿ ನಾವು ಇಟ್ಟೇ ಇಲ್ಲ.”

“ಹಂಗಾದ್ರ ಮೊದಲು ಅದನ್ನ ಇಡ್ರಿ,” ಎಂದಳು ಕಸ್ತೂರಿ. “ನಾ ಒತ್ತಂಗಿಲ್ಲ.”