ತುಪ್ಪಳದ ಹಾಸಿಗೆ

ಚಲುವರಾಜು ಮೊಲವನ್ನು ಕಿವಿ ಹಿಡಿದು ಎತ್ತಿದ್ದೇ ತಡ, ಹಿಂದಿನಿಂದ ಯಾರೋ ಅವನ ಕಿವಿಯನ್ನೇ ಹಿಡಿದರು.

"ಇಂಗೇ ಎತ್ಲಾ ನಿನ್ನೂವೆ, ಬಾವ?"

ಮಲ್ಲಿಗಮ್ಮನ ಬೆರಳು ತಣ್ಣಗಿದ್ದವು, ಆಗಷ್ಟೇ ಪಾತ್ರೆ ತೊಳೆದು ಬಂದ ಕೈ. ಅವನು ಮೊಲವನ್ನು ಕೆಳಗಿಳಿಸಿದ ಮೇಲೂ ಅವಳು ಕಿವಿ ಬಿಡಲಿಲ್ಲ. ಅವನಿಗೂ ಬಿಡಿಸಿಕೊಳ್ಳುವ ಆತುರವಿರಲಿಲ್ಲ. ಕೊನೆಗೆ ಅವಳೇ ನಾಚಿ ಕೈ ಹಿಂದಕ್ಕೆಳೆದುಕೊಂಡಳು. ಮೊಲದ ಎದೆಯ ಕೆಳಗೆ ಒಂದು ಅಂಗೈ, ಹಿಂಗಾಲಿನ ಕೆಳಗೆ ಇನ್ನೊಂದು ಅಂಗೈ ಕೊಟ್ಟು, ಹಸುಗೂಸನ್ನು ಎತ್ತುವಂತೆ ಎತ್ತಿ ತೋರಿಸಿದಳು. ಮೊಲ ಅವಳ ಸೆರಗಿನೊಳಗೆ ಮೂಗು ಹುದುಗಿಸಿತು. ಮೊಲದ ಪುಣ್ಯವೇ ಪುಣ್ಯ ಎಂದುಕೊಂಡ ಚಲುವರಾಜು.

ಅವಳು ಅವನ ಸೋದರಮಾವ ಕೆಂಪಯ್ಯನ ಮಗಳು. ಕೊಪ್ಪದಲ್ಲಿ ಎರಡು ಮನೆಗಳ ನಡುವೆ ಇದ್ದದ್ದು ಒಂದು ಹುಣಸೆಮರ, ಒಂದು ತಿಪ್ಪೆ, ಅಷ್ಟೆ. ಕೆಂಪಯ್ಯ ಕಬ್ಬಿನ ಗಾಡಿ ಹೊಡೆದುಕೊಂಡು ಮಂಡ್ಯಕ್ಕೆ ಹೋದಾಗಲೆಲ್ಲ ಕಾಲಿನ ಹುಣ್ಣಿಗೆ ಔಷಧಿ ಕಟ್ಟಿಸಿಕೊಳ್ಳುತ್ತಿದ್ದ. ಕಟ್ಟುತ್ತಿದ್ದ ಕಾಂಪೌಂಡರ್ ಶಿವಯ್ಯನವರ ಹಿತ್ತಿಲ ತುಂಬ ಸೀಮೆ ಮೊಲಗಳು. ಸಾಕಿ ಸಾಕಿ ಹೆಚ್ಚಾಗಿವೆ ಎಂದು ಒಂದು ಜೋಡಿಯನ್ನು ಅವರು ಬುಟ್ಟಿಗೆ ಹಾಕಿ ಕೊಟ್ಟಿದ್ದರು. ಮೈಯೆಲ್ಲ ಬಿಳುಪು, ಕಣ್ಣು ಮಾತ್ರ ಕೆಂಪು. ಮಲ್ಲಿಗಮ್ಮ ಗಂಡಿಗೆ 'ದೊರೆ' ಎಂದೂ ಹೆಣ್ಣಿಗೆ 'ಬೆಳ್ಳಿ' ಎಂದೂ ಹೆಸರಿಟ್ಟಳು. ಇಂಗ್ಲಿಷರ ಯುದ್ಧದ ಕಾಲ, ಶಾಲೆ ಮೇಷ್ಟ್ರು ಕೇಳಿಸಿಕೊಂಡರೆ ಕಷ್ಟ ಎಂದು ಚಲುವರಾಜು ಹೆದರಿಸಿದ. ಕೆಂಪು ಕಣ್ಣು ಬಿಡೋ ಬಿಳೀ ಮೈಯೋನ್ನ ಇನ್ನೇನಂತ ಕರೆಯೋದು ಎಂದು ಅವಳು ನಕ್ಕಳು.

ಗೂಡು ಮಾಡಿಕೊಟ್ಟವನು ಅವನೇ. ಟೀ ಪೆಟ್ಟಿಗೆಯ ಹಲಗೆ ಬಿಡಿಸಿ, ಮುಂದಕ್ಕೆ ತಂತಿಜಾಲರಿ ಹೊಡೆದು, ಮುಂಗುಸಿ ನುಗ್ಗದಂತೆ ನಾಲ್ಕು ಕಲ್ಲುಗಳ ಮೇಲೆ ಎತ್ತರಿಸಿ ಇಟ್ಟ. ದೊರೆಗೊಂದು, ಬೆಳ್ಳಿಗೊಂದು. ಆಮೇಲೆ ಬೆಳಿಗ್ಗೆ ಸಂಜೆ ಮಾವನ ಮನೆಗೆ ಹೋಗಲು ನೆಪ ಹುಡುಕುವ ಕಷ್ಟವಿರಲಿಲ್ಲ. ಅವಳು ಕಲಿಸಿದಳು, ಇವನು ಕಲಿತ. ಒದ್ದೆ ಸೊಪ್ಪು ಹಾಕಿದರೆ ಹೊಟ್ಟೆ ಉಬ್ಬರಿಸುತ್ತದೆ, ನೆರಳಲ್ಲಿ ಬಾಡಿಸಿ ಹಾಕಬೇಕು. ಹಲ್ಲು ಬೆಳೆಯುತ್ತಲೇ ಇರುತ್ತವೆ, ಕಡಿಯಲು ಮಾವಿನ ಕಡ್ಡಿ ಇರಲೇಬೇಕು. ಇಷ್ಟೆಲ್ಲ ಅವಳು ಹೇಳುವಾಗ ಅವನು ಮೊಲ ನೋಡುತ್ತಿರಲಿಲ್ಲ ಎಂಬುದು ಅವಳಿಗೂ ಗೊತ್ತಿತ್ತು. "ಮೊಲ ಅಲ್ಲಿ ಅದೆ ಬಾವ" ಎಂದು ಗೂಡಿನ ಕಡೆ ಗದ್ದ ತೋರಿಸುತ್ತಿದ್ದಳು.

ಚಲುವರಾಜನ ತಾಯಿ ದೊಡ್ಡತಾಯಮ್ಮನಿಗೆ ತಮ್ಮನ ಮಗಳೇ ಸೊಸೆಯಾಗಿ ಬರಬೇಕೆಂದು ಆಸೆ. ತವರಿನ ಅಕ್ಕರೆಯ ಜೊತೆಗೆ ಇನ್ನೊಂದು ಕಾರಣವಿತ್ತು, ಆ ಹುಡುಗಿಯ ಕೈಗುಣ. ಅವಳು ಮೊಟ್ಟೆ ಜೋಡಿಸಿ ಕಾವಿಗೆ ಕೂರಿಸಿದ ಕೋಳಿ ಒಂದು ಮರಿಯನ್ನೂ ಕಳೆಯುತ್ತಿರಲಿಲ್ಲ. ಮೂರು ವರ್ಷದಿಂದ ಎರಡು ಮನೆಯ ಗದ್ದೆಗೂ ನಾಟಿಯ ಮೊದಲ ಪೈರು ಊರುತ್ತಿದ್ದವಳು ಅವಳೇ. ಆಷಾಢ ಕಳೆಯಲಿ, ಮಾತಾಡೋಣ ಎಂದು ದೊಡ್ಡತಾಯಮ್ಮ ತಮ್ಮನಿಗೆ ಹೇಳಿಯೂ ಆಗಿತ್ತು.

ಆಷಾಢದ ಮೊದಲ ವಾರ ಮಲ್ಲಿಗಮ್ಮ ಅಕ್ಕನ ಮಗುವಿನ ನಾಮಕರಣಕ್ಕೆಂದು ಮನೆಯವರ ಜೊತೆ ಮಳವಳ್ಳಿಗೆ ಹೊರಟಳು. ಬೆಳ್ಳಿ ಗಬ್ಬವಾಗಿತ್ತು. ಹೊಟ್ಟೆಯ ಮೇಲೆ ಮೆಲ್ಲಗೆ ಬೆರಳಾಡಿಸಿ, ಇನ್ನೂ ಹತ್ತು ದಿನ ಇದೆ ಎಂದಳು.

"ಸೊಪ್ಪು ಹಾಕು, ನೀರಿಡು. ಒಳೀಕೆ ಮಾತ್ರ ಕೈ ಹಾಕ್ಬ್ಯಾಡ ಬಾವ."

"ಹಾಕ್ನಿಲ್ಲ ಬುಡು" ಎಂದ ಅವನು.

ಮೂರನೆಯ ದಿನ ಸಂಜೆ ನೋಡುತ್ತಾನೆ, ಬೆಳ್ಳಿಯ ಎದೆ, ಹೊಟ್ಟೆ ಬೋಳುಬೋಳು. ಕಿತ್ತ ತುಪ್ಪಳ ಹುಲ್ಲಿನ ತುಂಬ. ಚಲುವರಾಜನಿಗೆ ಗೊತ್ತಿದ್ದದ್ದು ಎಮ್ಮೆಗಳ ವಿಚಾರ. ಹೋದ ವರ್ಷ ಕರುವಿಗೆ ಕಜ್ಜಿ ಹತ್ತಿ ಕೂದಲು ಉದುರಿದಾಗ, ಕೆಳಗಿನ ಹುಲ್ಲನ್ನೆಲ್ಲ ಸುಟ್ಟು ಹೊಂಗೆಎಣ್ಣೆ ಬಳಿದು ಉಳಿಸಿಕೊಂಡವನು ಅವನೇ. ಇದೂ ಕಜ್ಜಿಯೇ. ಅವಳು ಬರುವಷ್ಟರಲ್ಲಿ ವಾಸಿ ಮಾಡಿ ತೋರಿಸಬೇಕು, ಅವಳು ಹುಬ್ಬೆತ್ತಿ ನೋಡಬೇಕು ಎನ್ನಿಸಿತು. ಹುಲ್ಲು, ತುಪ್ಪಳ ಎಲ್ಲವನ್ನೂ ಬಾಚಿ ತಿಪ್ಪೆಯ ಮೇಲೆ ಹಾಕಿ ಬೆಂಕಿಯಿಟ್ಟ. ಹಲಗೆಯನ್ನು ಬೂದಿ ಹಾಕಿ ಉಜ್ಜಿದ. ಎಣ್ಣೆ ಬಳಿಯಲು ಹಿಡಿದಾಗ ಎಂದೂ ಒದೆಯದ ಬೆಳ್ಳಿ ಹಿಂಗಾಲು ಝಾಡಿಸಿ ಅವನ ಮುಂಗೈ ಗೀರಿತು. ನಾಳೆ ನೋಡಿಕೊಂಡರಾಯಿತೆಂದು ಬರಿ ಹಲಗೆಯ ಮೇಲೆ ಬಿಟ್ಟು ಬಂದ.

ರಾತ್ರಿಯೆಲ್ಲ ಸೋನೆ, ಗಾಳಿ. ಬೆಳಿಗ್ಗೆ ಹಲಗೆಯ ಮೇಲೆ ಐದು ಮರಿಗಳಿದ್ದವು. ಹೆಬ್ಬೆರಳುದ್ದ, ಮೈಮೇಲೆ ಒಂದು ಕೂದಲಿಲ್ಲ. ಮುಟ್ಟಿದರೆ ಹಲಗೆ ಎಷ್ಟು ತಣ್ಣಗಿತ್ತೋ ಅವೂ ಅಷ್ಟೇ ತಣ್ಣಗಿದ್ದವು. ಬೆಳ್ಳಿ ಮೂಲೆಯಲ್ಲಿ ಕುಳಿತು ಹೊಟ್ಟೆಯಲ್ಲಿ ಉಳಿದ ನಾಲ್ಕು ಎಳೆ ತುಪ್ಪಳವನ್ನು ಇನ್ನೂ ಕೀಳುತ್ತಿತ್ತು.

ಆಗ ಅವನು ಮಾಡಿದ್ದನ್ನು ಯಾರೂ ನೋಡಲಿಲ್ಲ. ಒಂದು ಹಿಡಿ ರಾಗಿಹುಲ್ಲು ತಂದು ಹಲಗೆಯ ಮೇಲೆ ಹರಡಿದ. ಐದು ಮರಿಗಳನ್ನೂ ಎತ್ತಿ ಅದರ ಮೇಲೆ ಮಲಗಿಸಿದ.

ಅದೇ ಮಧ್ಯಾಹ್ನ, ಇದ್ದಿಲ ಹೊಗೆಯಲ್ಲಿ ಓಡುವ ಬಸ್ಸಿನಲ್ಲಿ ಮದ್ದೂರಿಗೆ ಬಂದು, ಅಲ್ಲಿಂದ ಗಾಡಿಯಲ್ಲಿ ಊರು ಸೇರಿದ ಮಲ್ಲಿಗಮ್ಮ, ಗೂಡಿನ ಮುಂದೆ ಕುಳಿತವಳು ಬಹಳ ಹೊತ್ತು ಏಳಲಿಲ್ಲ. ಹುಲ್ಲಿತ್ತು, ಸೊಪ್ಪಿತ್ತು, ನೀರಿತ್ತು. ಹೋಗುವಾಗ ತಾನು ಹೊಟ್ಟೆ ಮುಟ್ಟಿದ್ದೇ ತಪ್ಪಾಯಿತೇನೋ ಎಂದಳು. ಮರಿಗಳನ್ನು ಹುಣಸೆಮರದ ಬುಡದಲ್ಲಿ ಹೂಳಲು ಗುಂಡಿ ತೋಡಿದವನು ಚಲುವರಾಜು. ಮುಂಗೈ ಮೇಲಿನ ಗೀರು ನೋಡಿ ಏನೆಂದು ಅವಳು ಕೇಳಿದಳು. "ಕಬ್ಬಿನ ಗರಿ" ಎಂದ. ನಾಳೆ ಹೇಳೋಣ ಎಂದುಕೊಂಡ.

ಮರುದಿನ ಹೇಳಲಿಲ್ಲ. ಮೂರನೆಯ ದಿನ ಮಂಡ್ಯಕ್ಕೆ ನಡೆದುಹೋಗಿ ಶಿವಯ್ಯನವರನ್ನು ಕಂಡು, ತನ್ನ ಹೆಸರೆತ್ತದೆ, ಕೂದಲುದುರುವ ಮೊಲದ ವಿಷಯ ಕೇಳಿದ. ಅವರು ನಕ್ಕುಬಿಟ್ಟರು.

"ಅದು ಕಜ್ಜಿ ಅಲ್ಲ ಕಣಯ್ಯ, ಬಾಣಂತಿ ಹಾಸಿಗೆ. ಹೆರೋ ಮುಂಚೆ ತನ್ನ ಮೈ ತುಪ್ಪಳ ತಾನೇ ಕಿತ್ತು ಮರಿಗಳಿಗೆ ಹಾಸ್ತದೆ. ಅದನ್ನ ತೆಗೆದ್ರೆ ಒಂದು ರಾತ್ರೀನೂ ಉಳಿಯೋದಿಲ್ಲ."

ವಾಪಸು ಬರುವಾಗ ಕಾಲುವೆ ಏರಿಯ ಮೇಲೆ ನಡೆದು ಬಂದ. ದಾರಿಯುದ್ದಕ್ಕೂ ಹೇಳುವ ಮಾತುಗಳನ್ನು ಜೋಡಿಸಿಕೊಂಡ. ಊರ ಬಾಗಿಲಲ್ಲಿ ಎದುರಾದ ತಾಯಿ, ಮಲ್ಲಿಗಮ್ಮನ ಕೈ ಯಾಕೋ ಕೆಟ್ಟಿತು, ಇನ್ನು ಕೋಳಿ ಕೂರಿಸಲು ಅವಳನ್ನು ಕರೆಯುವುದಿಲ್ಲ ಎಂದು ಹೇಳುತ್ತ ಬಂದಳು. ಎಮ್ಮೆಗೆ ನೀರಿಡಬೇಕೆಂದು ಹೇಳಿ ಅವನು ಕೊಟ್ಟಿಗೆಯ ಕಡೆ ನಡೆದ. ಒಂದು ದಿನ ತಡವಾದ ಮಾತು ಎರಡನೆಯ ದಿನಕ್ಕೆ ಎರಡರಷ್ಟು ಭಾರವಾಗುತ್ತದೆ ಎಂಬುದು ಅವನಿಗೆ ಅಂದಿನಿಂದ ತಿಳಿಯತೊಡಗಿತು.

ದಿನಗಳು ಹೋದವು. ಮಲ್ಲಿಗಮ್ಮ ಗೂಡಿನ ಹತ್ತಿರ ಬರುತ್ತಿದ್ದಳು, ಮುಟ್ಟುತ್ತಿರಲಿಲ್ಲ. ಬೆಳ್ಳಿಯನ್ನು ಮತ್ತೆ ದೊರೆಯ ಜೊತೆ ಬಿಟ್ಟವಳು, ಸೊಪ್ಪು ಹಾಕುತ್ತಿದ್ದವಳು ಅವಳ ತಾಯಿ. ಚಲುವರಾಜು ತಮಾಷೆಗೆ ಏನಾದರೂ ಅಂದರೆ ಅವಳು ನಗುತ್ತಿದ್ದಳು. ಆದರೆ ನಗುವಾಗ ಎರಡೂ ಕೈಗಳನ್ನು ಸೆರಗಿನೊಳಗೆ ಸುತ್ತಿಕೊಂಡಿರುತ್ತಿದ್ದಳು. ಇತ್ತ ದೊಡ್ಡತಾಯಮ್ಮ ಕಿರುಗಾವಲಿನಲ್ಲಿ ಒಂದು ಹೆಣ್ಣಿದೆಯಂತೆ ಎಂದು ಕಿವಿಗೆ ಬೀಳುವಂತೆ ಅನ್ನತೊಡಗಿದ್ದಳು.

ಶ್ರಾವಣದಲ್ಲಿ ನಾಟಿ ಬಂತು. ಕೆಸರು ಮಾಡಿದ ಗದ್ದೆಯಲ್ಲಿ ಆಕಾಶ ಕಾಣುತ್ತಿತ್ತು. ಹೆಂಗಸರು ಸೀರೆ ಎತ್ತಿಕಟ್ಟಿ ಸಾಲು ನಿಂತಿದ್ದರು. ಮಲ್ಲಿಗಮ್ಮ ಪ್ರತಿವರ್ಷದಂತೆ ಒಂದು ಕಟ್ಟು ಪೈರು ಹಿಡಿದು ಗದ್ದೆಯ ಮೂಲೆಗೆ ಬಂದಿದ್ದಳು.

ದೊಡ್ಡತಾಯಮ್ಮ ಅವಳ ಕಡೆ ನೋಡದೆ ಸಾಲಿನಲ್ಲಿದ್ದ ಇನ್ನೊಬ್ಬಳ ಕಡೆ ತಿರುಗಿದಳು. "ಸೋಮಮ್ಮ, ಈ ಸಲ ಮೊದ್ಲ ಪೈರು ನೀನೇ ಊರು" ಎಂದಳು.

ಮಲ್ಲಿಗಮ್ಮ ಪೈರಿನ ಕಟ್ಟನ್ನು ಬದುವಿನ ಮೇಲೆ ಮೆಲ್ಲಗೆ ಇಟ್ಟು, ಕೈಗೆ ಹತ್ತಿದ ಕೆಸರನ್ನು ಸೀರೆಗೆ ಒರೆಸಿಕೊಂಡಳು. ಒರೆಸಿದ ಮೇಲೂ ಒರೆಸುತ್ತಲೇ ಇದ್ದಳು.

ಗುದ್ದಲಿ ಹಿಡಿದು ನೀರು ತಿರುಗಿಸುತ್ತಿದ್ದ ಚಲುವರಾಜನಿಗೆ ಅದಕ್ಕಿಂತ ಹೆಚ್ಚು ನೋಡಲಾಗಲಿಲ್ಲ.

"ಅವ್ವ, ವಸಿ ತಡಿ. ಆ ಮರಿ ಸತ್ತಿದ್ದು ಮಲ್ಲಿಗಮ್ಮನ ಕೈಯಿಂದ ಅಲ್ಲ. ನನ್ ಕೈಯಿಂದ."

ಎಲ್ಲವನ್ನೂ ಹೇಳಿದ. ಕಜ್ಜಿ ಎಂದುಕೊಂಡದ್ದು, ಹಾಸಿಗೆ ಸುಟ್ಟದ್ದು, ಶಿವಯ್ಯನವರ ಮಾತು. ಬೆಳಿಗ್ಗೆ ಹುಲ್ಲು ಹರಡಿದ್ದನ್ನು ಹೇಳುವಾಗ ಮಾತ್ರ ತಲೆ ತಗ್ಗಿತು. ಆಮೇಲೆ ಸೋಮಮ್ಮ ಪೈರು ಕೆಳಗಿಟ್ಟು, "ಗಂಡಸ್ರ ಕೈಗೂ ಗುಣ ಅಂತ ಇರ್ತದಾ, ಗೊತ್ತೇ ಇರ್ನಿಲ್ಲ ಕಣಮ್ಮ" ಎಂದಳು. ಇಬ್ಬರು ನಕ್ಕರು. ದೊಡ್ಡತಾಯಮ್ಮ ನಗಲಿಲ್ಲ. ಮಗನನ್ನು ಒಮ್ಮೆ ನೋಡಿ, ಬದುವಿನ ಮೇಲಿನ ಪೈರನ್ನು ತಾನೇ ಎತ್ತಿ ಮಲ್ಲಿಗಮ್ಮನ ಮುಂದೆ ಹಿಡಿದಳು.

"ಬ್ಯಾಡ ಅತ್ತೆ" ಎಂದಳು ಮಲ್ಲಿಗಮ್ಮ. "ಈಗಿನ್ನೂ ಕೆಟ್ಟಿದ್ ಕೈ ಅಷ್ಟರಲ್ಲೇ ಎಂಗೆ ಒಳ್ಳೇದಾಯ್ತು?"

ಹಾಗೆಂದು ಗದ್ದೆ ಬಿಟ್ಟು ಹೊರಟವಳು ಕಾಲುವೆಯ ತೂಬಿನ ತನಕ ಹೋಗಿದ್ದಳು. ಚಲುವರಾಜು ಹಿಂದೆಯೇ ಓಡಿದ. ಅವಳು ತಿರುಗದೆ ನಿಂತಳು.

"ಮರಿ ಸತ್ತಿದ್ಕಲ್ಲ ಬಾವ. ತಿಳೀದೆ ಮಾಡ್ದೆ, ಆಯ್ತು. ಅಕ್ಕ ಮಗೀನ ಕರ್ಕಂಡು ಬಂದಾಗ ಎತ್ಕೊಳಾಕೂ ಎದ್ರಿಕೆ ಆಯ್ತು ನಂಗೆ. ಅದ್ನ ನೋಡ್ಕಂಡು ಸುಮ್ಕಿದ್ದಲ್ಲ."

ಅವನು ಮುಂಗೈಯ ಗೀರನ್ನು ಇನ್ನೊಂದು ಕೈಯಿಂದ ಮುಚ್ಚಿಕೊಂಡ.

"ಕಬ್ಬಿನ ಗರಿ ಗೀರುದ್ರೆ ಒಂದೇ ಗೆರೆ ಇರ್ತದೆ. ನಿನ್ ಕೈ ಮ್ಯಾಲೆ ಮೂರು ಗೆರೆ ಜೋಡಿಯಾಗಿದ್ವು. ಅವತ್ತೇ ಅನ್ಕಂಡೆ. ಬಾವ ಸುಳ್ಳು ಯೋಳಾಕಿಲ್ಲ ಅಂತ ಆಮೇಲೆ ನಂಗೆ ನಾನೇ ಬೈಕಂಡೆ."

ಅಷ್ಟು ಹೇಳಿ ಹೋದಳು.

ಆ ವಾರವೆಲ್ಲ ಅವನು ಮಾವನ ಮನೆಯೊಳಗೆ ಕಾಲಿಡಲಿಲ್ಲ. ಮಾವಿನ ಹಲಗೆ ಕೊಯ್ದು ಒಂದು ಸಣ್ಣ ಪೆಟ್ಟಿಗೆ ಮಾಡಿದ. ಮರಿ ಹೊರಕ್ಕೆ ಉರುಳದಂತೆ ಮುಂದೆ ನಾಲ್ಕು ಬೆರಳೆತ್ತರದ ತಡೆ, ಒಳಗೆ ಬೆಳ್ಳಿ ತಿರುಗಿ ಮಲಗುವಷ್ಟು ಜಾಗ. ಹಲಗೆಯ ಸಿಬಿರು ಚುಚ್ಚದಂತೆ ಎರಡು ದಿನ ಉಜ್ಜಿದ. ಮುಂಜಾನೆ ಅವರ ಜಗಲಿಯ ಮೇಲೆ ಇಟ್ಟು ಬಂದುಬಿಟ್ಟ. ಸಂಜೆ ಹುಣಸೆಮರದ ಹಿಂದಿನಿಂದ ನೋಡಿದಾಗ ಪೆಟ್ಟಿಗೆ ಗೂಡಿನ ಒಳಗಿತ್ತು. ಅಷ್ಟೇ ಸಾಕಾಯಿತು.

ಗದ್ದೆಯ ಮಾತಾದ ಒಂಬತ್ತನೆಯ ದಿನ ಬೆಳಿಗ್ಗೆ ಅವಳೇ ಬೇಲಿಯ ಹತ್ತಿರ ಬಂದು ಕರೆದಳು. ಹೆಸರು ಹಿಡಿಯಲಿಲ್ಲ, ಬಾವ ಎನ್ನಲಿಲ್ಲ. "ಬಾ ಇಲ್ಲಿ" ಎಂದಳು.

ಬೆಳ್ಳಿ ಗೂಡಿನ ಮುಂಭಾಗದಲ್ಲಿ ಸೊಪ್ಪು ಮೆಲ್ಲುತ್ತಿತ್ತು. ಎದೆಯೆಲ್ಲ ಬೋಳು. ಹಿಂದೆ ಅವನು ಮಾಡಿದ ಪೆಟ್ಟಿಗೆಯ ತುಂಬ ಹತ್ತಿಯ ರಾಶಿಯಂತೆ ಬಿಳಿಯ ತುಪ್ಪಳ. ನೋಡನೋಡುತ್ತಿದ್ದಂತೆ ರಾಶಿಯ ನಡುವೆ ಏನೋ ಮಿಸುಕಿತು.

"ಆ ಹುಲ್ಲಲ್ಲಿ ಕೈ ಉಜ್ಕೊ ಮೊದ್ಲು. ಅದ್ಕೆ ಬ್ಯಾರೆ ವಾಸ್ನೆ ಗೊತ್ತಾಗ್ಬಾರ್ದು."

"ನಾನಾ? ಬ್ಯಾಡ ಮಲ್ಲಿಗಮ್ಮ" ಎಂದು ಹಿಂದೆ ಸರಿದ.

ಅವಳು ಅವನ ಮುಂಗೈ ಹಿಡಿದಳು. ಗೀರು ಒಣಗಿ ಮೂರು ಬಿಳಿಗೆರೆಗಳಾಗಿದ್ದವು. ಅವುಗಳ ಮೇಲೆ ಅವಳ ಹೆಬ್ಬೆರಳು ಒಂದು ಕ್ಷಣ ನಿಂತಿತು. ಆಮೇಲೆ ತಾನೇ ಒಂದು ಹಿಡಿ ಹುಲ್ಲು ತೆಗೆದು ಅವನ ಅಂಗೈ ಉಜ್ಜಿ, ಆ ಕೈಯನ್ನು ತುಪ್ಪಳದೊಳಗೆ ಇಳಿಸಿದಳು.

ಒಳಗೆ ಬೆಚ್ಚಗಿತ್ತು, ಒಲೆಯ ಮಗ್ಗುಲಿನಂತೆ. ಬೆರಳಿಗೆ ಒಂದೊಂದೇ ಪುಟ್ಟ ಮೈ ತಾಗಿತು. ಒದ್ದಾಡುವ ಕಾಲು, ಟಕಟಕ ಎನ್ನುವ ಎದೆ.

"ಎಷ್ಟವೆ?"

"ಆರು."

"ಎಲ್ಲಾ ಬೆಚ್ಚಗವಾ?"

ಅವನು ತಲೆಯಾಡಿಸಿದ. ಹಲಗೆಯ ಮೇಲಿನ ಐದು ಮರಿಗಳ ತಣುಪು ಬೆರಳ ತುದಿಯಿಂದ ಇನ್ನೂ ಹೋಗಿರಲಿಲ್ಲ. ಅವನ ಕಣ್ಣು ಒದ್ದೆಯಾದದ್ದನ್ನು ಮಲ್ಲಿಗಮ್ಮ ನೋಡಿದಳು, ನೋಡದವಳಂತೆ ತುಪ್ಪಳ ಸರಿಮಾಡಿದಳು.

ನಿನ್ನೆ ಅತ್ತೆ ಬಂದಿದ್ದರು, ಅಪ್ಪನ ಹತ್ತಿರ ಮಾತಾಡಬೇಕೆಂದರು, ಕೊನೆಯ ಗದ್ದೆಗೆ ನೀನೇ ಬಂದು ಪೈರು ಊರು ಎಂದು ಕೈ ಹಿಡಿದುಕೊಂಡರು ಎಂದಳು. ತಾನು ಯಾವುದಕ್ಕೂ ಇನ್ನೂ ಏನೂ ಹೇಳಿಲ್ಲ ಎಂದಳು.

"ಏನಂತ ಯೋಳ್ತೀಯೆ?" ಎಂದ ಅವನು, ಕೇಳಿಸಿತೋ ಇಲ್ಲವೋ ಎನ್ನುವಷ್ಟು ಮೆಲ್ಲಗೆ.

"ಇವು ಕಣ್ ಬುಡಾಕೆ ಅತ್ತು-ಅನ್ನೆಲ್ಡು ದಿನ ಬೇಕು. ಅಲ್ಲೀಗಂಟ ದಿನಾ ಬೆಳಿಗ್ಗೆ ನೀನೇ ಬಂದು ಎಣ್ಸು. ಆಮೇಲೆ ಅತ್ತೇನ ಕಳ್ಸು."

"ಒಂದು ಕಮ್ಮಿ ಆದ್ರೆ?"

ಮಲ್ಲಿಗಮ್ಮ ನಾಟಿಯ ದಿನದಿಂದೀಚೆಗೆ ಮೊದಲ ಸಲ ಅವನ ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು.

"ಕಮ್ಮಿ ಆದ್ರೆ ಬಂದು ಯೋಳು, ಬಾವ. ಅವತ್ತೇ ಯೋಳು."

ಚಲುವರಾಜು ಮತ್ತೆ ಕೈಯನ್ನು ತುಪ್ಪಳದೊಳಗಿಟ್ಟು, ಮೊದಲಿನಿಂದ ಎಣಿಸತೊಡಗಿದ.