ತೊಟ್ಟಿಲುಗಲ್ಲು ಬೆಟ್ಟದ ನೂರು ಅಂಕ

ಬೆಳಿಗ್ಗೆ ಏಳು ಗಂಟೆಗೆ ವನ್ಯಮಾಪಕವು ಎಂದಿನಂತೆ ತನ್ನ ಲೆಕ್ಕ ಮುಗಿಸಿ, ಶಾಲೆಯ ಗೋಡೆಯ ಮೇಲಿನ ಫಲಕದಲ್ಲಿ ಆ ದಿನದ ಅಂಕಿಯನ್ನು ಮೂಡಿಸಿತು. ತೊಂಬತ್ತೊಂದು. ಮುಂದೆ ಸೇರಿದ್ದ ಇಪ್ಪತ್ತು ಮೂವತ್ತು ಮಂದಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಿನ್ನೆ ತೊಂಬತ್ತೆರಡಿತ್ತು. ಅವರ ಮುಂದಾಳು ಜವನಮ್ಮ ಹತ್ತಿರ ಹೋಗಿ ಸೆರಗಿನಿಂದ ಫಲಕವನ್ನು ಒರೆಸಿದಳು, ಧೂಳು ಕೂತು ಹಾಗೆ ಕಾಣುತ್ತಿರಬಹುದೇನೋ ಎಂಬ ಆಸೆಯಿಂದ. ಅಂಕಿ ಮಾತ್ರ ಜಪ್ಪಯ್ಯ ಎಂದರೂ ಬದಲಾಗಲಿಲ್ಲ.

ವನ್ಯಮಾಪಕವೆಂದರೆ ಕಾಡಿನ ಕಾಡುತನವನ್ನು ಅಳೆಯುವ ಯಂತ್ರ. ರಾಗಿಕಾಳಿನ ಗಾತ್ರದ ಸಾವಿರಾರು ಗ್ರಾಹಿಕಣಗಳನ್ನು ಬೆಟ್ಟದ ಮೇಲೆ ಆಕಾಶದಿಂದ ಎರಚಿರುತ್ತಾರೆ. ಅವು ಮಣ್ಣಿನ ತೇವ, ಗಾಳಿಯಲ್ಲಿ ತೇಲುವ ಹೂವಿನ ಗಂಧ, ಹುಳುಹುಪ್ಪಟೆಗಳ ದನಿ, ತರಗೆಲೆ ಕೊಳೆಯುವ ವೇಗ ಇವನ್ನೆಲ್ಲ ಗ್ರಹಿಸಿ ಕಳುಹಿಸುತ್ತವೆ. ಯಂತ್ರ ಎಲ್ಲವನ್ನೂ ಕೂಡಿಸಿ ಒಂದೇ ಒಂದು ಅಂಕಿ ಕೊಡುತ್ತದೆ. ಶೂನ್ಯವೆಂದರೆ ಪೇಟೆಯ ಬಸ್ ನಿಲ್ದಾಣ, ನೂರೆಂದರೆ ಮನುಷ್ಯನ ಕೈಯೇ ಸೋಕದ ಅಡವಿ. ತೊಂಬತ್ತಕ್ಕೆ ಕಡಿಮೆಯಿಲ್ಲದ ಬೆಟ್ಟದಲ್ಲಿ ಯಾರೂ ಏನನ್ನೂ ಕಟ್ಟುವಂತಿಲ್ಲ ಎಂದು ಅಕ್ಷತವನ ಕಾಯಿದೆ ಹೇಳುತ್ತಿತ್ತು. ಆದರೆ ನೂರು ಎನ್ನುವುದು ಯಾವುದಕ್ಕೆ ಹೋಲಿಸಿ? ಯಂತ್ರವನ್ನು ಕಂಡುಹಿಡಿದ ಡಾ. ಇಂದುಶೇಖರ ಹದಿನಾಲ್ಕು ವರ್ಷಗಳ ಹಿಂದೆ ದೇಶವನ್ನೆಲ್ಲ ಸುತ್ತಿ, ಕೊನೆಗೆ ಮಾದರಿಯೆಂದು ಆರಿಸಿದ್ದು ಇದೇ ತೊಟ್ಟಿಲುಗಲ್ಲು ಬೆಟ್ಟವನ್ನು. ಅಂದಿನ ತೊಟ್ಟಿಲುಗಲ್ಲು ಬೆಟ್ಟವೇ ನೂರು. ಮಿಕ್ಕ ಬೆಟ್ಟಗಳೆಲ್ಲ ಅದನ್ನು ಎಷ್ಟರ ಮಟ್ಟಿಗೆ ಹೋಲುತ್ತವೋ ಅಷ್ಟು ಅಂಕ.

ಅಂಥ ಬೆಟ್ಟದ ಮೇಲೆ ಒಂದು ಕಂಪನಿಯ ಕಣ್ಣು ಬಿತ್ತು. ನೆತ್ತಿಯಲ್ಲಿ ಎಂಬತ್ತು ಕೋಣೆಗಳ ಹೋಟೆಲು, ಅಲ್ಲಿಗೇರಲು ರೋಪ್‌ವೇ. ತಪ್ಪಲಿನ ಮೂರು ಗಿರಿಜನ ಹಾಡಿಗಳ ಜನ ಜವನಮ್ಮನನ್ನು ಮುಂದಿಟ್ಟುಕೊಂಡು ನಾಲ್ಕು ವರ್ಷ ಹೋರಾಡಿದರು. ಕಂಪನಿಯ ಅಗೆಯುವ ಯಂತ್ರಗಳಿಗೆ ಅಡ್ಡ ಮಲಗಿದರು, ಲಾಠಿಯ ರುಚಿಯನ್ನೂ ಕಂಡರು. ಜವನಮ್ಮನ ಎಡಗೈ ಆಮೇಲೆ ಭುಜದಿಂದ ಮೇಲೆ ಏಳಲೇ ಇಲ್ಲ. ಸೋಲುವ ಹಾಗಾದಾಗ ಕಂಪನಿಯ ವಕೀಲ ಅಕ್ಷತವನ ಮಂಡಳಿಯ ಮುಂದೆ ಹೊಸ ರಾಗ ಎಳೆದ: ಈ ಜನ ಬೆಟ್ಟ ಹತ್ತುತ್ತಾರೆ, ಆದ್ದರಿಂದ ಇದು ಅಡವಿಯೇ ಅಲ್ಲ. ಇಂದುಶೇಖರ ಎದ್ದು ನಿಂತು, ಅಲ್ಲಿ ಯಾರೂ ಹತ್ತುವುದಿಲ್ಲ ಎಂದು ಪ್ರಮಾಣ ಮಾಡಿದ. ಮಂಡಳಿ ಒಂದು ವರ್ಷ ಕಾದು ನೋಡೋಣವೆಂದಿತು. ಬರುವ ಯುಗಾದಿಯ ದಿನ ಅಂಕಿ ತೊಂಬತ್ತಕ್ಕಿಂತ ಕೆಳಗಿಳಿದಿದ್ದರೆ ರೋಪ್‌ವೇಗೆ ಒಪ್ಪಿಗೆ.

ಅಂದು ಸಂಜೆಯೇ ಹಾಡಿಗಳ ಜನ ಸಭೆ ಸೇರಿ ಕಟ್ಟು ಮಾಡಿಕೊಂಡರು. ವರ್ಷ ತುಂಬುವವರೆಗೆ ಒಂದು ನರಪಿಳ್ಳೆಯೂ ಮೇಲೆ ಹೋಗಕೂಡದು. ನೆಲ್ಲಿ ಬೇಡ, ಜೇನು ಬೇಡ, ಕಾಡುಗೆಣಸು ಬೇಡ. ಹೊಟ್ಟೆಗೆ ತಣ್ಣೀರು ಬಟ್ಟೆ ಕಟ್ಟಿಕೊಂಡು ಮಾತು ಉಳಿಸಿಕೊಂಡರು. ಅಂಕಿಯೋ, ನಿಲ್ಲುವ ಬದಲು ಇಳಿಯತೊಡಗಿತು. ಈಗ ಯುಗಾದಿಗೆ ಹದಿನೇಳು ದಿನ ಉಳಿದಿತ್ತು.

ಯಂತ್ರ ಕೆಟ್ಟಿರಬೇಕೆಂದು ಇಂದುಶೇಖರ ತಾನೇ ಓಡಿ ಬಂದಿದ್ದ. ಎರಡು ದಿನ ಶಾಲೆಯಲ್ಲಿ ಕೂತು ಪರೀಕ್ಷಿಸಿ, ಆ ಮಧ್ಯಾಹ್ನ ಜವನಮ್ಮನ ಜಗಲಿಗೆ ಬಂದು ಕುಸಿದು ಕೂತ.

"ಯಂತ್ರದಲ್ಲಿ ದೋಷವಿಲ್ಲ, ಜವನಮ್ಮನವರೇ. ಬೆಟ್ಟವೇ ಬದಲಾಗುತ್ತಿದೆ. ಕೋಪ ಮಾಡಿಕೊಳ್ಳಬೇಡಿ, ನಿಮ್ಮವರು ಯಾರಾದರೂ ಕದ್ದುಮುಚ್ಚಿ ಮೇಲೆ ಹೋಗುತ್ತಿದ್ದಾರೆಯೇ?"

"ಒಬ್ರೂ ಹೋಗ್ತಿಲ್ಲ ಸ್ವಾಮಿ. ನನ್ ಮಕ್ಕಳಾಣೆಗೂ ಇಲ್ಲ."

"ಹಾಗಾದರೆ ಇದೇನು?" ಎಂದು ಅವನು ಚಿತ್ರಗಳನ್ನು ಹರಡಿದ. "ಪೂರ್ವದ ಇಳಿಜಾರಿನ ನೆಲ್ಲಿಮರಗಳು ರಸ ಹೀರುವ ಬಂದಳಿಕೆ ಹತ್ತಿ ಸಾಯುತ್ತಿವೆ. ಏಳು ಒರತೆಗಳಲ್ಲಿ ನಾಲ್ಕು ಮುಚ್ಚಿಹೋಗಿವೆ. ಲಾಂಟಾನದ ಪೊದೆ ಆನೆಯೆತ್ತರ ಬೆಳೆದು ಹುಲ್ಲನ್ನೇ ನುಂಗಿದೆ. ಹದಿಮೂರು ವರ್ಷ ಕಾಣದ್ದು ಈ ಒಂದೇ ವರ್ಷದಲ್ಲಿ ಏಕೆ?"

ಜವನಮ್ಮ ಚಿತ್ರಗಳನ್ನು ಒಂದೊಂದಾಗಿ ಎತ್ತಿ ನೋಡಿದಳು. ಅವಳಿಗೆ ಏಕೆಂಬುದು ಗೊತ್ತಿತ್ತು, ಹೇಳುವುದು ಕಷ್ಟವಾಗಿತ್ತು. ಅವಳ ಜನರಲ್ಲಿ ಒಂದು ಕಟ್ಟುಪಾಡಿದೆ. ಬೆಟ್ಟ ಅವರಿಗೆ ಹಿರಿಯಕ್ಕ. ಅಕ್ಕನ ಮನೆಗೆ ಹೋಗಿ ಉಂಡುಬಂದದ್ದನ್ನು ಹೊರಗಿನವರ ಮುಂದೆ ಹೇಳಿಕೊಳ್ಳುವುದು ಹೀನಗುಣ. ಹೋದವರು ಹಿಂದೆ ತುಳಿದ ಜಾಡನ್ನು ಮತ್ತೆ ತುಳಿಯುವುದಿಲ್ಲ, ಆದ್ದರಿಂದ ಮೇಲೆ ಕಾಲುದಾರಿಯೇ ಮೂಡಿಲ್ಲ. ಹದಿನಾಲ್ಕು ವರ್ಷಗಳ ಹಿಂದೆ ಇಂದುಶೇಖರ ಅವಳ ಅಪ್ಪ ಬೇದೇಗೌಡನನ್ನು "ಬೆಟ್ಟಕ್ಕೆ ಯಾರಾದರೂ ಹೋಗುತ್ತಾರೆಯೇ?" ಎಂದು ಕೇಳಿದಾಗ, ಮುದುಕ ಮರ್ಯಾದಸ್ಥನೊಬ್ಬ ಕೊಡಬೇಕಾದ ಉತ್ತರವನ್ನೇ ಕೊಟ್ಟಿದ್ದ: "ಯಾರೂ ಹೋಗದಿಲ್ಲ ಬುದ್ಧಿ." ಉಪಗ್ರಹದ ಚಿತ್ರದಲ್ಲೂ ದಾರಿ ಕಾಣದೆ ವಿಜ್ಞಾನಿ ಅದನ್ನು ವೇದವಾಕ್ಯವೆಂದು ನಂಬಿದ್ದ.

ಈಗ ನಿಜ ಹೇಳಿದರೆ ಸತ್ತ ಅಪ್ಪ ಸುಳ್ಳನಾಗುತ್ತಾನೆ, ವಕೀಲನ ಕೈಗೆ ತಾನೇ ಕೋಲು ಕೊಟ್ಟಂತಾಗುತ್ತದೆ. ಹೇಳದಿದ್ದರೆ ಬೆಟ್ಟ ಸಾಯುತ್ತದೆ.

"ಈ ವರ್ಷ ಹೋಗ್ನಿಲ್ಲ ಸ್ವಾಮಿ, ಅದಕೇ ಹಿಂಗಾಗಿರದು," ಎಂದಳು ತಲೆ ತಗ್ಗಿಸಿ. "ಅದಕ್ ಮುಂಚೆ ಹೋಗ್ದೇ ಇದ್ದ ವರ್ಷವೇ ಇಲ್ಲ. ನೆಲ್ಲಿ ಕೀಳೋವಾಗ ಬಂದಳಿಕೆ ಕಿತ್ತಾಕ್ತೀವಿ. ಗೆಣಸು ಅಗೆದ್ರೆ ಬಳ್ಳಿ ಬುಡನ ತಿರುಗಿ ಹೂಳ್ತೀವಿ. ನೀರು ಕುಡಿಯಕ್ ಬಗ್ಗಿದಾಗ ಒರತೆ ಬಾಯಿ ತೆಗೀತೀವಿ. ಚಳೀಲಿ, ಹುಲ್ಲಲ್ಲಿನ್ನೂ ಹಸಿ ಇರೋವಾಗ, ತರಗೆಲೆಗೆ ಸಣ್ಣಕೆ ಬೆಂಕಿ ಕೊಡ್ತೀವಿ, ಪೊದೆ ಸಾಯ್ತದೆ, ಮರ ಉಳೀತದೆ. ಇದ್ನೆಲ್ಲ ಯಾರ್ ತಾನೇ ಕೆಲ್ಸ ಅಂತಾರೆ ಸ್ವಾಮಿ? ಅಕ್ಕನ ತಲೆ ಬಾಚಿದಂಗೆ."

ಇಂದುಶೇಖರನ ಮುಖ ಬಿಳಿಚಿತು. "ಹಾಗಾದರೆ ನನ್ನ ನೂರು..." ಎಂದ. ಚಿತ್ರಗಳನ್ನು ಪಕ್ಕಕ್ಕೆ ಸರಿಸಿ ಮತ್ತೆ ಹೇಳಿದ: "ಮನುಷ್ಯನಿಲ್ಲದ ಕಾಡು ಹೇಗಿರುತ್ತದೆಂದು ಯಂತ್ರಕ್ಕೆ ಕಲಿಸಿದೆ ಅಂದುಕೊಂಡಿದ್ದೆ. ಅದು ಕಲಿತದ್ದು ನಿಮ್ಮ ಕೈಯನ್ನು. ಜವನಮ್ಮನವರೇ, ಅಂಕಿ ಏರಲೆಂದು ಆರು ಬೆಟ್ಟಗಳಿಂದ ಜನರನ್ನು ಕೆಳಗಿಳಿಸಿದರು. ಶಿಫಾರಸು ನನ್ನದು. ಆರರಲ್ಲೂ ಅಂಕಿ ವರ್ಷ ವರ್ಷ ಇಳಿಯುತ್ತಿದೆ. ಬಿಸಿಲು ಹೆಚ್ಚಾಗಿದೆ ಎಂದು ನಾನು ವರದಿ ಬರೆಯುತ್ತ ಬಂದೆ."

ಲಾಠಿ ಹೊಡೆದವರ ಮೇಲೆ ಬಂದಷ್ಟೇ ಸಿಟ್ಟು ಜವನಮ್ಮನಿಗೆ ಅವನ ಮೇಲೂ ಬಂತು. ಆದರೆ ಕೈಯಲ್ಲಿ ತಲೆ ಹಿಡಿದು ಕೂತ ಆ ಮನುಷ್ಯನನ್ನು ನೋಡಿ ಅಯ್ಯೋ ಎಂದೂ ಅನ್ನಿಸಿತು. ಒಳಗೆ ಹೋಗಿ ಒಂದು ಲೋಟ ಮಜ್ಜಿಗೆ ತಂದುಕೊಟ್ಟಳು.

"ಕಾಗದ್ದಲ್ಲಿ ಬೆಟ್ಟ ಉಳಿದು ನೆಲದ ಮೇಲೆ ಸತ್ರೆ ಯಾರಿಗ್ ಬೇಕು ಸ್ವಾಮಿ? ನಾವು ನಾಳೆ ಹೋಗ್ತೀವಿ. ನೀವು ಬರದಾರೆ ಬನ್ನಿ, ಹೋಗಿ ಮಂಡಳಿಗೆ ಹೇಳದಾರೆ ಹೇಳಿ."

ಅವನು ಎರಡನ್ನೂ ಮಾಡಿದ. ಮರುದಿನ ಮೂರು ಹಾಡಿಗಳೂ ಖಾಲಿಯಾದವು. ವಿಜ್ಞಾನಿ ಒರತೆಯ ಕೆಸರಿನಲ್ಲಿ ಮೊಣಕಾಲವರೆಗೆ ಹೂತುಕೊಂಡು ಎಲೆ ಎತ್ತಿಹಾಕಿದ. ಹೆಂಗಸರು ಅವನು ಬಗ್ಗುವ ರೀತಿ ನೋಡಿ ಮುಸಿಮುಸಿ ನಕ್ಕರು. ಎರಡನೆಯ ದಿನ ಅಂಕಿ ತೊಂಬತ್ತಕ್ಕೆ ಇಳಿಯಿತು. ಮೂರನೆಯ ದಿನವೂ ತೊಂಬತ್ತು. ಅಲ್ಲಿಂದ ಮುಂದೆ ಅದು ಕಚ್ಚಿಕೊಂಡು ನಿಂತಿತು. ಜನ ಕತ್ತಲಾಗುವವರೆಗೆ ದುಡಿದರು, ಊಟದ ಹೊತ್ತನ್ನೂ ಮರೆತರು. ಯುಗಾದಿಯ ಬೆಳಿಗ್ಗೆ ಫಲಕದ ಮೇಲೆ ತೊಂಬತ್ತು ಮೂಡಿದಾಗ ಜವನಮ್ಮ ಗೋಡೆಗೆ ಒರಗಿ ಮನಸಾರೆ ಅತ್ತಳು.

ಮಂಡಳಿಯ ಮುಂದೆ ಇಂದುಶೇಖರ ತನ್ನ ಹಳೆಯ ಪ್ರಮಾಣ ತಪ್ಪೆಂದು ಒಪ್ಪಿಕೊಂಡು, ಎಲ್ಲವನ್ನೂ ಬಿಚ್ಚಿಟ್ಟ. "ನೋಡಿದಿರಾ, ಹತ್ತುತ್ತಾರೆ!" ಎಂದು ವಕೀಲ ಕುಣಿದಾಡಿದ. ಅಧ್ಯಕ್ಷೆ ಕಾಯಿದೆಯನ್ನು ಎರಡು ಸಲ ಓದಿ, ಇಲ್ಲಿ ಅಂಕಿಯ ಮಾತಿದೆಯೇ ಹೊರತು ಜನ ಇರಬಾರದೆಂಬ ಮಾತು ಎಲ್ಲೂ ಇಲ್ಲವಲ್ಲ ಎಂದರು. ರೋಪ್‌ವೇ ಅರ್ಜಿ ವಜಾ ಆಯಿತು.

ಕಥೆ ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಎಂಟು ತಿಂಗಳಾದ ಮೇಲೆ ಇಂದುಶೇಖರ ಒಬ್ಬ ಅಧಿಕಾರಿಯನ್ನು ಕರೆದುಕೊಂಡು ಹಾಡಿಗೆ ಬಂದ. ಅಧಿಕಾರಿ ಸಂಭ್ರಮದಿಂದ ಆದೇಶ ಓದಿದ. ಬಡಗಣ ಸೀಮೆಯ ಗವಿಸಾಲು ಬೆಟ್ಟದ ಅಂಕಿ ಅರವತ್ತನಾಲ್ಕಕ್ಕೆ ಕುಸಿದಿದೆ. ಅದನ್ನು ಮೊದಲಿನಂತೆ ಮಾಡಲು ಈ ಹಾಡಿಗಳ ಇಪ್ಪತ್ತು ಮಂದಿ ತಜ್ಞರು ಬೇಕು. ಸಂಬಳ, ಮನೆ, ಜೀಪು, ಎಲ್ಲವೂ ಉಂಟು.

"ತಜ್ಞರು ಅಂದ್ರೆ ನಾವಾ?" ಎಂದು ಜವನಮ್ಮ ನಕ್ಕಳು. ಆಮೇಲೆ ನಗು ನಿಲ್ಲಿಸಿ ಕೇಳಿದಳು: "ಆ ಬೆಟ್ಟದ ಗುಣ ನಮಗೆ ಹೆಂಗ್ ಗೊತ್ತಾಗ್ಬೇಕು ಸ್ವಾಮಿ? ಯಾವ ಬಳ್ಳಿಗೆ ಏನು, ಯಾವ ತಿಂಗಳು ಬೆಂಕಿ, ಏನೂ ತಿಳೀದು. ಅಲ್ಲಿ ಮುಂಚೆ ಯಾರಿದ್ರು?"

ಅಧಿಕಾರಿ ಕಡತ ಮಗುಚಿದ. "ಇನ್ನೂರ ಹನ್ನೊಂದು ಕುಟುಂಬ. ಒಂಬತ್ತು ವರ್ಷದ ಹಿಂದೆ ಸ್ಥಳಾಂತರಿಸಲಾಗಿದೆ."

"ಈಗ ಎಲ್ಲವ್ರೆ?"

ಅಧಿಕಾರಿ ಇಂದುಶೇಖರನ ಮುಖ ನೋಡಿದ. "ಗೊತ್ತಿಲ್ಲ," ಎಂದ ಇಂದುಶೇಖರ ಮೆಲ್ಲಗೆ. "ಇಟ್ಟಿಗೆ ಗೂಡುಗಳಿಗೆ, ಪೇಟೆಗಳಿಗೆ ಚದುರಿಹೋದರು ಎನ್ನುತ್ತಾರೆ. ಯಾರೂ ವಿಚಾರಿಸಲಿಲ್ಲ. ನಾನೂ ವಿಚಾರಿಸಲಿಲ್ಲ."

ಜವನಮ್ಮ ಆದೇಶದ ಹಾಳೆಯನ್ನು ಅಧಿಕಾರಿಯಿಂದ ತೆಗೆದುಕೊಂಡು ಮಡಚಿ ಇಂದುಶೇಖರನ ಕೈಗೆ ಕೊಟ್ಟಳು.

"ಮತ್ತೆ ಇನ್ನೂ ಇಲ್ಲೇ ನಿಂತಿದ್ದೀರಲ್ಲ ಸ್ವಾಮಿ? ಹೋಗಿ ಹುಡುಕಿ. ಅವರಲ್ಲಿ ಮುದುಕ್ರು ಸಾಯೋಕೆ ಮುಂಚೆ."