ಮಗ್ಗುಲು ಬದಲಿಸಿದ ಕೈ

ಆ ಮಧ್ಯಾಹ್ನ ವಾರ್ಡಿಗೆಲ್ಲ ನಾನೊಬ್ಬಳೇ ನರ್ಸು. ಲಕ್ವ ಹೊಡೆದು ಮಲಗಿದ್ದ ಅಜ್ಜಿಯ ಮಗ್ಗುಲನ್ನು ಆಗಾಗ ಬದಲಿಸದಿದ್ದರೆ ಬೆನ್ನು ಹುಣ್ಣಾಗಿ ಜೀವಕ್ಕೇ ಕುತ್ತು. ಬೇರೆ ರೋಗಿಗಳ ಗಡಿಬಿಡಿಯಲ್ಲಿ ಹೊತ್ತು ಮೀರಿತ್ತು. ಓಡಿಹೋಗಿ ನೋಡಿದರೆ ಅಜ್ಜಿ ಆಗಲೇ ಗೋಡೆಯತ್ತ ತಿರುಗಿದ್ದರು. ಬೆನ್ನಿಗೆ ಯಾರೋ ಪೌಡರ್ ಸವರಿದ್ದರು.

“ಯಾರಜ್ಜಿ ತಿರುಗಿಸಿದ್ದು?”

“ಬಿಳಿ ಟೋಪಿ ಸಿಸ್ಟರು. ಕೈ ಮಾತ್ರ ಕೊರೆಯೋಷ್ಟು ತಣ್ಣಗೆ. ಆದ್ರೂ ಎಷ್ಟು ಹಗುರ ಅಂತೀಯಾ! ನೀನು ತಿರುಗಿಸಿದ್ರೆ ಮೂಟೆ ಉರುಳಿಸಿದ ಹಾಗಿರುತ್ತೆ, ಕಲಿತ್ಕೋ ತಾಯಿ.”

ನಮ್ಮಲ್ಲಿ ನರ್ಸುಗಳು ಟೋಪಿ ಹಾಕುವುದು ನಿಂತು ಒಂದು ತಲೆಮಾರೇ ಕಳೆದಿತ್ತು.

ಸಂಜೆ ಹೆದರುತ್ತಲೇ ಅಜ್ಜಿಯ ಬೆನ್ನಡಿಗೆ ಕೈ ತೂರಿಸಿದೆ. ನನ್ನ ಅಂಗೈಗಳ ಕೆಳಗೆ ಇನ್ನೆರಡು ಅಂಗೈಗಳು ಬಂದು ಕೂತವು, ಎಲ್ಲಿ ಹಿಡಿಯಬೇಕೆಂದು ತೋರಿಸುತ್ತ ನನ್ನ ಕೈಗಳನ್ನು ಮೆಲ್ಲಗೆ ಸರಿಸಿದವು. ಅಜ್ಜಿಗೆ ನಿದ್ದೆಯೂ ಕೆಡಲಿಲ್ಲ.